ಜ್ವರವಲ್ಲದ ಜ್ವರ

ರಕ್ತಪರೀಕ್ಷೆಯ ವರದಿ ಕೈಗೆ ಬಂದೊಡನೆ ನಗರವಾಸಿಗಳಾದ ಗೃಹಸ್ಥರು ಮೊದಲು ಹುಡುಕುವ ಹೆಸರು ಕೊಲೆಸ್ಟರಾಲ್. ಅದು ಹೆಚ್ಚಿದೆಯೆಂದು ವೈದ್ಯರು ನುಡಿದರೆ ಸಾಕು, ಮರುದಿನದಿಂದಲೇ ಮನೆಯಲ್ಲಿ ತುಪ್ಪದ ಗಿಂಡಿಗೆ ಅಜ್ಞಾತವಾಸ! ಆದರೆ ಅದೇ ವಸ್ತುವನ್ನು ಸಂಪಾದಿಸಿಕೊಳ್ಳದೆ ಒಂದಿಷ್ಟೂ ಬೆಳೆಯಲಾರದ ಜೀವಿಯೊಂದು ನಮ್ಮ ನಡುವೆಯೇ ಇದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಹಿಪ್ಪುನೇರಳೆ ಬೆಳೆಯುವ ರೈತರು ಸಾಕುವ ರೇಷ್ಮೆಹುಳುವೇ ಅದು.

ಮೊಟ್ಟೆಯೊಡೆದು ಬಂದ ಹುಳು 25 ದಿನಗಳ ಆಸುಪಾಸಿನಲ್ಲಿ ತನ್ನ ತೂಕವನ್ನು ಸುಮಾರು 10,000 ಪಟ್ಟು ಹೆಚ್ಚಿಸಿಕೊಳ್ಳುತ್ತದೆ. ಒಡಲು ಬೆಳೆದಷ್ಟೂ ಹೊರಚರ್ಮ ಹಿಗ್ಗದು. ಆದಕಾರಣ ಗೂಡು ಕಟ್ಟುವ ಮುನ್ನ ಅದು 4 ಬಾರಿ ಪೊರೆ ಕಳಚಬೇಕು. ಪ್ರತಿಸಲವೂ ಮೇವು ಬಿಟ್ಟು, ತಲೆಯೆತ್ತಿ, ಸುಮಾರು ಒಂದು ಹಗಲಿರುಳು ನಿಶ್ಚಲವಾಗಿರುತ್ತದೆ. ನಮ್ಮ ರೈತರು ಇದನ್ನು ‘ಜ್ವರ’ ಎನ್ನುತ್ತಾರೆ. ಹೆಸರು ಜ್ವರವಾದರೂ ಇದು ರೋಗವಲ್ಲ, ಬೆಳವಣಿಗೆ.

ಪೊರೆ ಕಳಚುವ ಅಪ್ಪಣೆ ಹೊರಡುವುದು ಮಿದುಳಿನಿಂದ. ಆ ಸಂದೇಶ ತಲುಪಿದೊಡನೆ ಎದೆಯ ಭಾಗದ ಗ್ರಂಥಿಗಳು ಎಕ್ಡೈಸೋನ್ ಎಂಬ ಚೋದಕರಸವನ್ನು ಸ್ರವಿಸುತ್ತವೆ. ಜರ್ಮನಿಯ ಬ್ಯೂಟೆನಾಂಟ್ ಮತ್ತು ಕಾರ್ಲ್‌ಸನ್ ಎಂಬ ವಿಜ್ಞಾನಿಗಳು 1954ರಲ್ಲಿ ಇದನ್ನು ಶುದ್ಧರೂಪದಲ್ಲಿ ಪ್ರತ್ಯೇಕಿಸಿದರು. ಗೂಡಿನೊಳಗಿನ 500 ಕಿಲೋಗ್ರಾಂ ರೇಷ್ಮೆಕೋಶಗಳಿಂದ ಅವರಿಗೆ ದೊರೆತದ್ದು ಕೇವಲ 25 ಮಿಲಿಗ್ರಾಂ! ಈ ರಸದ ಮೂಲದ್ರವ್ಯವೇ ಕೊಲೆಸ್ಟರಾಲ್.

ತೊಡಕಿರುವುದು ಇಲ್ಲಿಯೇ. ನಮ್ಮ ಯಕೃತ್ತು ಕೊಲೆಸ್ಟರಾಲನ್ನು ತಾನೇ ತಯಾರಿಸಬಲ್ಲದು. ಕೀಟಗಳಿಗೆ ಆ ಶಕ್ತಿಯಿಲ್ಲ. ಹಾಗಾದರೆ ಸೊಪ್ಪನ್ನಲ್ಲದೆ ಬೇರೇನನ್ನೂ ಮುಟ್ಟದ ಈ ಹುಳುವಿಗೆ ಅದು ದೊರೆಯುವುದೆಂತು? ಹಿಪ್ಪುನೇರಳೆಯ ಎಲೆಯಲ್ಲಿ ಕೊಲೆಸ್ಟರಾಲಿನ ದಾಯಾದಿಯಾದ ಸೈಟೊಸ್ಟೆರಾಲ್ ಎಂಬ ವಸ್ತುವುಂಟು. ಹುಳು ಅದರ ಅಣುವಿನ ಒಂದು ಕವಲನ್ನು ಕತ್ತರಿಸಿ ಕೊಲೆಸ್ಟರಾಲಾಗಿ ಮಾರ್ಪಡಿಸಿಕೊಳ್ಳುತ್ತದೆ.

ಇನ್ನು ಸಾಗಣೆಯ ಪ್ರಶ್ನೆ. ಕೊಲೆಸ್ಟರಾಲ್ ಜಿಡ್ಡಿನ ಜಾತಿಯದು. ನೀರಿನಂತಹ ರಕ್ತದಲ್ಲಿ ಬೆರೆಯದು. ಅದನ್ನು ಹೊತ್ತೊಯ್ಯಲು ಲೈಪೊಫೋರಿನ್ ಎಂಬ ಕಣಗಳಿವೆ. ಪ್ರೋಟೀನಿನ ಹೊದಿಕೆಯೊಳಗೆ ಜಿಡ್ಡನ್ನಿರಿಸಿಕೊಂಡು ಅವು ಕರುಳಿನಿಂದ ಹೊರಟು, ಬೇಕಾದ ಅಂಗಗಳಿಗೆ ಹೊರೆಯಿಳಿಸಿ, ತಾವು ಅಳಿಯದೆ ಮತ್ತೆ ಹೊರೆ ಹೊರಲು ಹಿಂದಿರುಗುತ್ತವೆ. ಸಂತೆಗೂ ಹಳ್ಳಿಗೂ ನಡುವೆ ತಿರುಗುವ ಎತ್ತಿನ ಗಾಡಿಯಂತೆ ಇವುಗಳ ಕಾಯಕ. ಸೊಪ್ಪಿನ ಸತ್ತ್ವ ಗ್ರಂಥಿಯನ್ನು ಸೇರುವುದು ಈ ದಾರಿಯಿಂದಲೇ.

ಈ ಸೂಕ್ಷ್ಮವ್ಯಾಪಾರದ ಮೇಲೆ ಒಂದು ಕುಟುಂಬದ ಬೆಳೆ ನಿಂತಿದೆ. ಜ್ವರಕ್ಕೆ ಕೂರುವ ಹುಳು ತನ್ನದೇ ನೂಲಿನಿಂದ ಕಾಲುಗಳನ್ನು ಹಾಸಿಗೆಗೆ ಬಿಗಿದುಕೊಂಡಿರುತ್ತದೆ. ಆಗ ಅದನ್ನು ಕಿತ್ತೆತ್ತಿದರೆ ಆಸರೆ ತಪ್ಪಿ ಪೊರೆ ಸರಾಗವಾಗಿ ಕಳಚದು. ಎದ್ದ ಕೆಲವಕ್ಕೆ ಮಾತ್ರ ಆತುರದಿಂದ ಸೊಪ್ಪು ಹಾಕಿದರೆ ಅವು ಮುಂದಾಗಿ, ಮಿಕ್ಕವು ಹಿಂದುಳಿದು, ಬೆಳೆಯೆಲ್ಲ ಏರುಪೇರಾಗುತ್ತದೆ. ಅದಕ್ಕೆಂದೇ ಅನುಭವಿಗಳು ಹಾಸಿಗೆಯನ್ನು ಒಣಗಿರಿಸಲು ಸುಣ್ಣದ ಪುಡಿ ಉದುರಿಸಿ, ಹೆಚ್ಚುಕಡಿಮೆ ಎಲ್ಲ ಹುಳುಗಳೂ ಏಳುವವರೆಗೆ ಕಾಯುತ್ತಾರೆ.

ರಜೆಯಲ್ಲಿ ಮಕ್ಕಳೊಡನೆ ಹಳ್ಳಿಯ ನೆಂಟರ ಮನೆಗೆ ಹೋದಾಗ, ಅಲ್ಲಿಯ ಅಜ್ಜಿ “ಹುಳ ಜ್ವರಕ್ಕೆ ಕೂತಿದೆ, ಮುಟ್ಟಬೇಡ್ರಪ್ಪಾ” ಎಂದರೆ, ಅದನ್ನು ಮೂಢನಂಬಿಕೆಯೆಂದು ನಗಬೇಡಿ. ಮಕ್ಕಳ ಕೈ ಹಿಡಿದು ದೂರ ನಿಂತು, ಆ ಮೌನದೊಳಗೆ ನಡೆದಿರುವುದೇನೆಂಬುದನ್ನು ಅವರಿಗೆ ತಿಳಿಸಿಹೇಳಿ.