ಯಾಚನೆ ಮತ್ತು ಮಾನಕಷಾಯ

ಮುನಿಗಳು ಸಹಿಸಿ ಜಯಿಸಬೇಕಾದ 22 ಪರೀಷಹಗಳಲ್ಲಿ ಯಾಚನೆಯೂ ಒಂದು. ದಿಗಂಬರ ಮುನಿಗಳು ಉಪವಾಸದಿಂದ ದೇಹ ಕೃಶವಾದರೂ ಆಹಾರವನ್ನು ಬಾಯಿಬಿಟ್ಟು ಬೇಡುವುದಿಲ್ಲ. ಶ್ರಾವಕರು ವಿಧಿಪೂರ್ವಕವಾಗಿ ಬರಮಾಡಿಕೊಂಡರೆ ನಿಂತು ಕರಪಾತ್ರದಲ್ಲಿ ಸ್ವೀಕರಿಸುತ್ತಾರೆ. ಇಲ್ಲವಾದರೆ ಸಮಭಾವದಿಂದ ಹಿಂದಿರುಗುತ್ತಾರೆ.

ಈ ಆದರ್ಶವನ್ನು ಗೃಹಸ್ಥರು ತಮಗೆ ಬೇಕಾದಂತೆ ಅರ್ಥಮಾಡಿಕೊಳ್ಳುವುದುಂಟು. ‘ಯಾರ ಮುಂದೆಯೂ ಕೈಚಾಚಿದವನಲ್ಲ’ ಎಂಬುದನ್ನು ಎಷ್ಟೋ ಹಿರಿಯರು ವ್ರತವೆಂಬಂತೆ ಹೇಳಿಕೊಳ್ಳುತ್ತಾರೆ. ಕಣ್ಣು ಮಂಜಾಗಿ ಔಷಧದ ಚೀಟಿ ಓದಲಾಗದು. ನೆರೆಮನೆಯ ಹುಡುಗನನ್ನು ಕರೆಯಲು ಸಂಕೋಚ. ಬಸದಿಯ ಮೆಟ್ಟಿಲು ಹತ್ತಲಾಗದು. ಜಿನದರ್ಶನವನ್ನೇ ಬಿಟ್ಟಾರು, ಒಂದು ತೋಳಿನ ಆಸರೆ ಕೇಳರು. ಮುನಿಗಳು ಬೇಡದಿರುವುದು ದೇಹದ ಮೇಲಿನ ಮಮತೆ ಅಳಿದುದರಿಂದ. ಗೃಹಸ್ಥರು ಕೇಳದಿರುವುದು ಬಹುಮಟ್ಟಿಗೆ ತಮ್ಮ ಹೆಸರಿನ ಮೇಲಿನ ಮಮತೆಯಿಂದ. ಇದಕ್ಕೆ ಶಾಸ್ತ್ರಕಾರರು ಇಟ್ಟ ಹೆಸರು ಮಾನಕಷಾಯ.

ಸರ್ವಸಂಗ ಪರಿತ್ಯಾಗಿಗಳೂ ನೆರವು ಬೇಡವೆಂದವರಲ್ಲ. ಶಿವಾರ್ಯರ ‘ಭಗವತೀ ಆರಾಧನಾ’ ಗ್ರಂಥದ ಪ್ರಕಾರ, ಸಲ್ಲೇಖನಕ್ಕೆ ಸಿದ್ಧರಾದ ಆಚಾರ್ಯರು ಕೂಡ ಸ್ವಂತ ಗಣವನ್ನು ತೊರೆದು, ಬೇರೊಂದು ಗಣದ ನಿರ್ಯಾಪಕಾಚಾರ್ಯರನ್ನು ಅರಸಿ ಹೋಗಬೇಕು. ಎಬ್ಬಿಸಿ ಕೂರಿಸಲು, ಮಗ್ಗುಲು ಬದಲಿಸಲು, ಧರ್ಮಶ್ರವಣ ಮಾಡಿಸಲು, ಬಾಗಿಲು ಕಾಯಲು ಎಂದು 48 ಮುನಿಗಳ ಸೇವೆಯನ್ನು ಅಲ್ಲಿ ವಿಧಿಸಲಾಗಿದೆ. ಕಾಲ ಎಷ್ಟೇ ವಿಷಮವಾದರೂ ಇಬ್ಬರಾದರೂ ಇರಲೇಬೇಕು. ಜೀವಮಾನವಿಡೀ ಶಿಷ್ಯರನ್ನು ನಡೆಸಿದ ಗುರುವೇ ಕೊನೆಯಲ್ಲಿ ಇನ್ನೊಬ್ಬರ ಬಳಿ ಹೋಗಿ ‘ನನ್ನನ್ನು ದಾಟಿಸಿ’ ಎಂದು ಪ್ರಾರ್ಥಿಸಬೇಕೆಂಬ ಈ ವಿಧಿ ಬಹಳ ಯೋಚನೆಗೆ ಅರ್ಹವಾದುದು.

ಲೋಕವ್ಯವಹಾರದಲ್ಲಿಯೂ ಇದಕ್ಕೆ ನಿದರ್ಶನವುಂಟು. ಮಳವಳ್ಳಿ ತಾಲ್ಲೂಕಿನ ಬ್ಲಫ್‌ಗೆ ಹೋದವರು ಸಾಮಾನ್ಯವಾಗಿ ಗಗನಚುಕ್ಕಿಯನ್ನು ನೋಡಿ ಮರಳುತ್ತಾರೆ. ಅಲ್ಲಿಯ ಶಿವನಸಮುದ್ರ ವಿದ್ಯುದಾಗಾರದಿಂದ 1902ರಲ್ಲಿ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಧುಮುಕುವ ಕಾವೇರಿ ಮೈಸೂರು ಸಂಸ್ಥಾನದಲ್ಲಿಯೇ ಇದ್ದಳು. ಅವಳ ಬಲವನ್ನು ವಿದ್ಯುತ್ತಾಗಿಸುವ ಯಂತ್ರಗಳು ಇರಲಿಲ್ಲ. ಟರ್ಬೈನುಗಳು ಸ್ವಿಟ್ಜರ್ಲೆಂಡಿನಿಂದ, ಜನರೇಟರುಗಳು ಅಮೆರಿಕದಿಂದ ಬಂದವು. ಬಲ್ಲವರನ್ನು ಕೇಳಿದ್ದರಿಂದ ಸಂಸ್ಥಾನದ ಗೌರವವೇನೂ ಕುಂದಲಿಲ್ಲ.

ಇನ್ನೊಂದು ಮುಖವನ್ನೂ ನೋಡಬೇಕು. ವೈಯಾವೃತ್ತ್ಯವನ್ನು, ಎಂದರೆ ದಣಿದವರ, ರೋಗಿಗಳಾದ ಸಾಧಕರ ಸೇವೆಯನ್ನು, ಜೈನಧರ್ಮ ಆರು ಅಂತರಂಗ ತಪಗಳಲ್ಲಿ ಎಣಿಸಿದೆ. ಶ್ರಾವಕರಿಗೂ ಅದು ಕರ್ತವ್ಯವೇ. ಎಲ್ಲರೂ ‘ನನಗೇನೂ ಬೇಡ’ ಎಂದು ಬಾಗಿಲು ಹಾಕಿಕೊಂಡರೆ ಸೇವೆಯ ಪುಣ್ಯ ಯಾರಿಗೆ ದೊರೆತೀತು? ದಾನದ ಮಹಿಮೆಯನ್ನು ಇಷ್ಟು ವಿಸ್ತಾರವಾಗಿ ಸಾರುವ ಸಮಾಜದಲ್ಲಿ ಪಡೆಯುವವರು ಮಾತ್ರ ತಲೆತಗ್ಗಿಸಬೇಕೆಂಬುದು ವಿಚಿತ್ರವೇ ಸರಿ.

ಕೇಳುವುದಕ್ಕೂ ವಿವೇಕ ಬೇಕು. ತನ್ನಿಂದ ಆಗುವ ಕೆಲಸವನ್ನು ಇತರರ ಮೇಲೆ ಹೊರಿಸುವುದು ಪ್ರಮಾದ. ಸುತ್ತಿಬಳಸಿ, ಮರುಕ ಹುಟ್ಟಿಸಿ ಕೇಳುವುದರಲ್ಲಿ ಮಾಯಾಕಷಾಯದ ಸೋಂಕಿದೆ. ಇಲ್ಲವೆಂದವರ ಮೇಲೆ ಕ್ರೋಧ ಸಲ್ಲದು. ಅವರಿಗೂ ಅವರ ತಾಪತ್ರಯಗಳಿರುತ್ತವೆ. ಬೇಕಾದುದನ್ನು ಬೇಕಾದಷ್ಟೇ, ಸಕಾಲದಲ್ಲಿ ಹೇಳಿದರೆ ಸಾಕು. ಚತುರ್ದಶಿಯಂದು ಬಸದಿಗೆ ಹೋಗಬಯಸುವ ಹಿರಿಯರು ಹಿಂದಿನ ದಿನವೇ ನೆರೆಮನೆಗೆ ತಿಳಿಸಿಟ್ಟರೆ, ಕರೆದೊಯ್ಯುವವರಿಗೂ ಬೆಳಗಿನ ಕೆಲಸಗಳನ್ನು ಹೊಂದಿಸಿಕೊಳ್ಳಲು ಅನುಕೂಲ.