ಭೂಮಾಪನ ಗುಂಡಿ ಒತ್ತುವ ಕೆಲಸವಲ್ಲ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಅವನ ಮಗನಿಗೆ ಸರ್ವೆ ಕಲಿಯುವ ಆಸೆಯಂತೆ. "ಡ್ರೋನ್ ಬಂದ ಮೇಲೆ ಅದನ್ನು ಕಲಿತು ಏನು ಮಾಡುತ್ತಾನೆ, ಸಾರ್? ನೀವಾದರೂ ಬುದ್ಧಿ ಹೇಳಿ" ಎಂದ. ನಾನು ಬುದ್ಧಿ ಹೇಳಿದ್ದು ಅಪ್ಪನಿಗೆ. ಅಂದು ಅರ್ಧಕ್ಕೆ ನಿಂತ ಮಾತನ್ನು ಇಲ್ಲಿ ಮುಂದುವರಿಸುತ್ತಿದ್ದೇನೆ.

ಉಪಕರಣ ನಿಲ್ಲಿಸಿ ಗುಂಡಿ ಒತ್ತುವುದೇ ಭೂಮಾಪನವೆಂಬ ಭ್ರಮೆ ಎಲ್ಲೆಡೆ ಹಬ್ಬಿದೆ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿಯೂ ಅನುಭವಿ ಮಾಪಕರು ನಿವೃತ್ತರಾಗುತ್ತಿದ್ದಾರೆ, ಅವರ ಸ್ಥಾನಕ್ಕೆ ಸಾಕಷ್ಟು ಯುವಕರು ಬರುತ್ತಿಲ್ಲವೆಂಬ ಕೊರಗಿದೆ.

ಒಂದು ಸಣ್ಣ ಲೆಕ್ಕ ನೋಡಿ. ನಮ್ಮ ಹಳೆಯ ಗ್ರಾಮನಕ್ಷೆಗಳ ಪ್ರಮಾಣ 1:7920. ಅದರಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆ ನೆಲದ ಮೇಲೆ ಸುಮಾರು 4 ಮೀಟರ್, ಅಂದರೆ 13 ಅಡಿಯನ್ನು ಆವರಿಸುತ್ತದೆ. ಆ ನಕ್ಷೆಯನ್ನು ಗಣಕಯಂತ್ರಕ್ಕೇರಿಸಿ, ಉಪಗ್ರಹದ ನೆರವಿನಿಂದ ಸೆಂಟಿಮೀಟರಿನಷ್ಟು ನಿಖರವಾಗಿ ಗುರುತು ಹಾಕಿದರೂ ಆ 13 ಅಡಿಯೊಳಗೆ ಗಡಿ ಎಲ್ಲಿದೆಯೆಂದು ಯಂತ್ರ ಹೇಳೀತೆ? 33 ಅಡಿಯ ಸರಪಳಿ, ಅದರ 16 ಆಣೆಗಳ ಲೆಕ್ಕದಲ್ಲಿ ಬರೆದಿಟ್ಟ ಟಿಪ್ಪಣಿಯನ್ನು ಓದಬೇಕು; ಹೂತುಹೋದ ಬಾಂದುಕಲ್ಲನ್ನು ಹುಡುಕಬೇಕು; ಅಕ್ಕಪಕ್ಕದ ಸರ್ವೆ ನಂಬರುಗಳೊಂದಿಗೆ ತಾಳೆ ನೋಡಬೇಕು. ಡ್ರೋನಿಗೆ ಬದು ಕಾಣುತ್ತದೆ, ಆ ಬದುವನ್ನು ರಾತ್ರೋರಾತ್ರಿ ಸರಿಸಿದವರು ಕಾಣುವುದಿಲ್ಲ.

ಇದು ನನಗೆ ಪುಸ್ತಕದ ವಿಷಯವಲ್ಲ. ನಮ್ಮ ಮನೆತನದ ಮೂರು ಗುಂಟೆಗಾಗಿ 11 ವರ್ಷ ವ್ಯಾಜ್ಯ ನಡೆಯಿತು. ಅಳೆಯಲು ಬಂದ ಇಬ್ಬರು ಎರಡು ಗಡಿ ತೋರಿಸಿದರು. ಮೂರನೆಯವರು ವಯಸ್ಸಾದವರು. ಉಪಕರಣದ ಪೆಟ್ಟಿಗೆ ತೆರೆಯುವ ಮೊದಲು ಅರ್ಧ ದಿನ ಟಿಪ್ಪಣಿಯ ನಕಲನ್ನೇ ನೋಡುತ್ತ ಕುಳಿತರು. ಬಳಿಕ ಹುಣಸೆಮರದ ಬುಡದಲ್ಲಿ ಅಗೆಸಿದರು. ಕಲ್ಲು ಸಿಕ್ಕಿತು. (ಆ ಮೂರು ಗುಂಟೆ ನಮ್ಮದಲ್ಲವೆಂದು ಸಿದ್ಧವಾಯಿತು. ದಾಯಾದಿಗಳೂ ಇದನ್ನು ಓದುತ್ತಾರೆ, ನಗಲಿ.)

ಇಂತಹ ವಿದ್ಯೆಯನ್ನು ಇಂದು ಕಲಿಸುವವರಾರು? ತಂತ್ರಾಂಶಕ್ಕೆ ದೊರೆಯುವ ಗಂಟೆಗಳಲ್ಲಿ ಕಾಲುಭಾಗವಾದರೂ ಭೂಕಾಯ್ದೆಗೆ, ಹಳೆಯ ದಾಖಲೆಗಳ ಓದಿಗೆ, ಅಳತೆಯ ದೋಷಗಣನೆಗೆ ದೊರೆಯಬೇಡವೆ? 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆ ಅಳೆದಾಗ, ಉಕ್ಕಿನ ಸರಪಳಿ ಬಿಸಿಲಿಗೆ ಹಿಗ್ಗುವುದನ್ನೂ ಲೆಕ್ಕಕ್ಕೆ ಹಿಡಿದಿದ್ದ.

ಕಾಲೇಜುಗಳನ್ನಷ್ಟೇ ದೂರಿ ಫಲವಿಲ್ಲ. ಹತ್ತನೆಯ ತರಗತಿಗೆ ತ್ರಿಕೋನಮಿತಿ ಬೋಧಿಸಿದ ನಾನು ನಿಮ್ಮನ್ನು ಒಮ್ಮೆಯೂ ಬಯಲಿಗೆ ಕರೆದೊಯ್ಯಲಿಲ್ಲ. ಗೋಪುರದ ಎತ್ತರವನ್ನು ಕಪ್ಪುಹಲಗೆಯ ಮೇಲೆಯೇ ಅಳೆಸಿದೆ.

ಹುಡುಗನನ್ನು ಭಾನುವಾರ ಕಳುಹಿಸೆಂದಿದ್ದೇನೆ. ಆ ಟಿಪ್ಪಣಿಯ ನಕಲು ಇನ್ನೂ ನನ್ನ ಬಳಿಯೇ ಇದೆ.