ನಿಧಾನಕ್ಕೆ ನಿದಾನ

'ನಿಧಾನ' ಎಂಬ ಶಬ್ದಕ್ಕೂ 'ನಿದಾನ' ಎಂಬ ಶಬ್ದಕ್ಕೂ ಇರುವ ಅಂತರ ಒಂದು ಮಹಾಪ್ರಾಣ ಮಾತ್ರ. ಮೊದಲನೆಯದು ಲೋಕರೂಢಿಯಲ್ಲಿ ಸಾವಕಾಶವೆಂಬ ಅರ್ಥವನ್ನು ಕೊಡುತ್ತದೆ. ಎರಡನೆಯದು ವೈದ್ಯಶಾಸ್ತ್ರದಲ್ಲಿ ರೋಗದ ಮೂಲಕಾರಣವನ್ನೂ ಅದನ್ನು ಅರಸಿ ನಿರ್ಣಯಿಸುವ ಕ್ರಮವನ್ನೂ ಸೂಚಿಸುತ್ತದೆ. ಬಾಗಲಕೋಟೆ ಸೀಮೆಯ ಆಡುಮಾತಿನಲ್ಲಿ ಮಹಾಪ್ರಾಣ ಸಡಿಲಗೊಂಡು ಎರಡೂ ಒಂದೇ ಆಗಿ ಕೇಳಿಸುವುದುಂಟು. ಮನೆಮನೆಗೂ ಬಂದಿರುವ ಅಂತರಜಾಲದ ವಿಷಯದಲ್ಲಿ ಈ ಗೊಂದಲ ಕಿವಿಯಷ್ಟಕ್ಕೇ ನಿಂತಿಲ್ಲ. ನಿಧಾನವಾಯಿತೆಂದು ಗೊಣಗುವವರು ಬಹಳ ಮಂದಿ. ನಿದಾನಕ್ಕೆ ತೊಡಗುವವರು ವಿರಳ.

ವಿದ್ಯಾಸಂಸ್ಥೆಯ ಸಂಪುಟದಲ್ಲಿ ಚರ್ಚಿಸಲು ಇದು ಅಲ್ಪವಿಷಯವೆಂದು ಕೆಲವರಿಗೆ ತೋರಬಹುದು. ಆದರೆ 2020ರಲ್ಲಿ ಮಹಾಮಾರಿಯ ನಿಮಿತ್ತ ಶಾಲೆಗಳ ಬಾಗಿಲು ಮುಚ್ಚಿದಂದಿನಿಂದ ವಿದ್ಯೆಯ ಒಂದು ದಾರಿ ಈ ಅದೃಶ್ಯ ಅಲೆಗಳ ಮೂಲಕವೇ ಹಾದುಹೋಗುತ್ತಿದೆ. ಸಾಮಾನ್ಯ ಪ್ರವೇಶ ಪರೀಕ್ಷೆ ಬರೆದ ವಿದ್ಯಾರ್ಥಿ ತನಗೆ ಬೇಕಾದ ಕಾಲೇಜುಗಳ ಆಯ್ಕೆಯನ್ನು ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿಯೇ ದಾಖಲಿಸಬೇಕು. ವಿದ್ಯಾರ್ಥಿವೇತನದ ಅರ್ಜಿಯೂ ಅಲ್ಲಿಯೇ, ಪರೀಕ್ಷೆಯ ಫಲಿತಾಂಶವೂ ಅಲ್ಲಿಯೇ. ಕೊನೆಯ ದಿನದ ಕೊನೆಯ ಗಳಿಗೆಯಲ್ಲಿ ಗಣಕಯಂತ್ರದ ಪರದೆಯ ಮೇಲೆ ಚಕ್ರವೊಂದು ಸುಮ್ಮನೆ ತಿರುಗುತ್ತ ನಿಂತರೆ, ಎರಡು ವರ್ಷ ಓದಿದ ಮಗುವಿನ ಪಾಲಿಗೆ ಅದು ಅಲ್ಪವಿಷಯವಲ್ಲ.

ಹುನಗುಂದದ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ತಂದೆ ಶಿಕ್ಷಕರು. ಪಡಸಾಲೆಯಲ್ಲಿ, ಬೀದಿಯ ಕಂಬದಿಂದ ತಂತಿ ಒಳಬಂದ ಮೂಲೆಯಲ್ಲಿಯೇ, ಕಬ್ಬಿಣದ ಅಲಮಾರಿನ ಹಿಂದೆ ರೂಟರ್ ಇದೆ. ಮಗಳ ಓದಿಗೆಂದು ತಂದ ಗಣಕಯಂತ್ರ ಎರಡು ಗೋಡೆಗಳಾಚೆಯ ಒಳಕೋಣೆಯಲ್ಲಿದೆ. ಪಾಠದ ದೃಶ್ಯ ತಡೆತಡೆದು ಬರುತ್ತದೆ, ಧ್ವನಿ ತುಂಡಾಗುತ್ತದೆ. ತಂದೆ ಕಂಪನಿಯವರಿಗೆ ದೂರವಾಣಿ ಮಾಡುತ್ತಾರೆ. ದೊಡ್ಡ ಪ್ಲಾನ್ ಹಾಕಿಸಿರೆಂಬ ಸಲಹೆ ದೊರೆಯುತ್ತದೆ. ಸೆಕೆಂಡಿಗೆ 40 ಮೆಗಾಬಿಟ್ಟಿನ ಜಾಗದಲ್ಲಿ 100 ಮೆಗಾಬಿಟ್ ಬಂದು, ತಿಂಗಳ ವೆಚ್ಚ ಏರಿ, ಒಳಕೋಣೆಯ ಸ್ಥಿತಿ ಮಾತ್ರ ಇದ್ದಂತೆಯೇ ಉಳಿಯುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ದುರ್ಲಭ.

ಇಲ್ಲಿ ಹಳೆಯ ತರ್ಕಶಾಸ್ತ್ರವೇ ನೆರವಿಗೆ ಬರುತ್ತದೆ. ಕಾರ್ಯಕಾರಣಗಳನ್ನು ನಿಶ್ಚಯಿಸಲು ಶಾಸ್ತ್ರಕಾರರು ಅನ್ವಯ ಮತ್ತು ವ್ಯತಿರೇಕ ಎಂಬ ಎರಡು ಸಾಧನಗಳನ್ನು ಹೇಳಿದ್ದಾರೆ. ಒಂದು ಇದ್ದಾಗ ಇನ್ನೊಂದು ಇರುವುದು ಅನ್ವಯ. ಒಂದು ಇಲ್ಲದಾಗ ಇನ್ನೊಂದೂ ಇಲ್ಲದಿರುವುದು ವ್ಯತಿರೇಕ. ವೈ-ಫೈ ದೋಷವನ್ನು ಹುಡುಕಲು ಇದಕ್ಕಿಂತ ಮಿಗಿಲಾದ ಉಪಕರಣ ಬೇಕಿಲ್ಲ. ಪಾಲಿಸತಕ್ಕ ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಮೊದಲು ಮೊಬೈಲನ್ನು ರೂಟರಿನಿಂದ ನಾಲ್ಕಾರು ಅಡಿ ದೂರದಲ್ಲಿ ಹಿಡಿದು ವೇಗವನ್ನು ಅಳೆಯತಕ್ಕದ್ದು. ಬಳಿಕ ಅದೇ ಮೊಬೈಲನ್ನು ಒಳಕೋಣೆಯ ಗಣಕದ ಪಕ್ಕದಲ್ಲಿಟ್ಟು ಅಳೆಯಬೇಕು. ಮೂರನೆಯದಾಗಿ ಗಣಕದಲ್ಲಿಯೇ ಅಳೆಯಬೇಕು. ಹೊರಗೆ ವೇಗವಿದ್ದು ಒಳಕೋಣೆಯಲ್ಲಿ ಮೊಬೈಲಿಗೂ ಇಲ್ಲವಾದರೆ ದೋಷ ನಡುವಣ ದಾರಿಯದು. ಒಳಕೋಣೆಯಲ್ಲಿ ಮೊಬೈಲಿಗೆ ವೇಗವಿದ್ದು ಪಕ್ಕದ ಗಣಕಕ್ಕೆ ಇಲ್ಲವಾದರೆ ದೋಷ ಗಣಕದ್ದು. ರೂಟರಿನ ಮಗ್ಗುಲಲ್ಲಿಯೂ ವೇಗವಿಲ್ಲದಿದ್ದರೆ ಗಣಕವನ್ನು ಅಲ್ಲಿಗೇ ಒಯ್ದು, ಕೇಬಲಿನಿಂದ ರೂಟರಿಗೆ ನೇರವಾಗಿ ಜೋಡಿಸಿ ನೋಡಬೇಕು. ಆಗಲೂ ಮಂದವಾಗಿದ್ದರೆ ಮಾತ್ರ ಬೆರಳನ್ನು ಬೀದಿಯ ಕಡೆ ತೋರಿಸುವುದು ನ್ಯಾಯ. ಇಷ್ಟಕ್ಕೆ ಅರ್ಧ ಗಂಟೆ ಸಾಕು. ಅಳತೆಗಳನ್ನು ದಿನಾಂಕ, ವೇಳೆ ಸಹಿತ ಒಂದು ಹಾಳೆಯಲ್ಲಿ ಬರೆದಿಟ್ಟರೆ ಇನ್ನೂ ಉತ್ತಮ. (ಪ್ಲಾನಿನಲ್ಲಿ ಹೇಳುವುದು ಮೆಗಾಬಿಟ್, ಕಡತ ಇಳಿಯುವಾಗ ಪರದೆ ತೋರಿಸುವುದು ಸಾಮಾನ್ಯವಾಗಿ ಮೆಗಾಬೈಟ್. ಎಂಟು ಬಿಟ್ಟಿಗೆ ಒಂದು ಬೈಟ್ ಆದುದರಿಂದ 40 ಎಂದು ಕೊಟ್ಟದ್ದು 5 ಎಂದು ಕಂಡರೆ ಮೋಸವಾಯಿತೆಂದು ಯಾರೂ ಸಿಟ್ಟಾಗಬೇಕಿಲ್ಲ.)

ನಡುವಣ ದಾರಿಯ ಮಾತನ್ನು ಈ ಸೀಮೆಯವರು ವಿಶೇಷವಾಗಿ ತಿಳಿಯಬೇಕು. ಏಕೆಂದರೆ ಇದು ಕಲ್ಲಿನ ಸೀಮೆ. ಅಲೆಗಳು ಗೋಡೆಯನ್ನು ದಾಟಲಾರವೆಂದಲ್ಲ. ಜಗದೀಶಚಂದ್ರ ಬೋಸರು 1895ರಲ್ಲಿ ಕಲಕತ್ತೆಯಲ್ಲಿ ಗೋಡೆಯಾಚೆಗೆ ಅಲೆಗಳನ್ನು ಹಾಯಿಸಿ ಗಂಟೆ ಬಾರಿಸಿ ತೋರಿಸಿದ್ದು ಪ್ರಸಿದ್ಧವೇ ಇದೆ. ಆದರೆ ದಾಟುವ ಪ್ರತಿಯೊಂದು ಗೋಡೆಯೂ ಸುಂಕ ವಸೂಲು ಮಾಡುತ್ತದೆ. ಕಲ್ಲು ದಪ್ಪವಾದಷ್ಟೂ ಸುಂಕ ಹೆಚ್ಚು. 578ರ ಶಾಸನವುಳ್ಳ ಬಾದಾಮಿಯ ಮೂರನೆಯ ಗುಹೆಯಲ್ಲಿ ಚಾಲುಕ್ಯ ಶಿಲ್ಪಿಗಳ ಉಳಿಗೆ ಒಲಿದ ಮರಳುಗಲ್ಲು, ಊರಿನ ಹಳೆಯ ಮನೆಗಳ ದಪ್ಪ ಗೋಡೆಯಾಗಿ ನಿಂತಾಗ ಈ ಅಲೆಗಳಿಗೆ ಅಷ್ಟು ಸುಲಭವಾಗಿ ಒಲಿಯುವುದಿಲ್ಲ. ಇಳಕಲ್ಲಿನ ಕೆಂಪು ಗ್ರಾನೈಟಂತೂ ಇನ್ನೂ ಸಾಂದ್ರವಾದುದು. ಆಲಮಟ್ಟಿಯ ಹಿನ್ನೀರಿನಲ್ಲಿ ಮನೆಮಠ ಕಳೆದುಕೊಂಡವರಿಗಾಗಿ ಎದ್ದ ಬಾಗಲಕೋಟೆಯ ನವನಗರದಲ್ಲಿ ಗೋಡೆ ತೆಳುವಾದರೂ ಕಾಂಕ್ರೀಟಿನ ಒಳಗೆ ಕಬ್ಬಿಣದ ಸರಳುಗಳ ಹೆಣಿಗೆ ಇದೆ. ಕೆಳಗಿನ ಅಂತಸ್ತಿನ ರೂಟರು ಮೇಲಿನ ಅಂತಸ್ತಿಗೆ ಎಟುಕದಿರುವುದಕ್ಕೆ ಅದೇ ಕಾರಣ. ಅಲಮಾರು, ದೊಡ್ಡ ನಿಲುವುಗನ್ನಡಿ, ನೀರು ತುಂಬಿದ ಪಾತ್ರೆ, ಇವೂ ಅಲೆಗಳಿಗೆ ಅಡ್ಡಿಗಳೇ.

ಪರಿಹಾರವನ್ನು ಸಂಸ್ಕೃತದ ಒಂದು ಲೌಕಿಕ ನ್ಯಾಯ ಎಂದೋ ಹೇಳಿಟ್ಟಿದೆ. ಹೊಸ್ತಿಲ ಮೇಲಿಟ್ಟ ದೀಪ ಒಳಗನ್ನೂ ಹೊರಗನ್ನೂ ಬೆಳಗುತ್ತದೆಂಬುದು ದೇಹಲೀದೀಪ ನ್ಯಾಯ. ರೂಟರೂ ಅಂಥದೇ ದೀಪ. ತಂತಿ ಎಲ್ಲಿ ಒಳಬಂದಿತೋ ಅಲ್ಲಿಯೇ ಅದನ್ನು ಕೂಡಿಸಬೇಕೆಂಬ ಕಟ್ಟಳೆ ಯಾವ ಶಾಸ್ತ್ರದಲ್ಲಿಯೂ ಇಲ್ಲ. ಮನೆಯ ನಡುಭಾಗದಲ್ಲಿ, ಬಾಗಿಲುಗಳು ಎದುರುಬದುರಾಗುವ ಎಡೆಯಲ್ಲಿ, ಆಳೆತ್ತರದ ಗೂಟದ ಮೇಲೋ ತೆರೆದ ಮಾಡದಲ್ಲೋ ಅದು ಇರತಕ್ಕದ್ದು. ಧೂಳು ಬೀಳದಿರಲೆಂದು ಬಟ್ಟೆ ಹೊದಿಸುವುದು, ಕಪಾಟಿನಲ್ಲಿಟ್ಟು ಕದ ಮುಚ್ಚುವುದು ಪ್ರೀತಿಯಿಂದ ಮಾಡುವ ಅಪಚಾರಗಳು. ಈ ಸೀಮೆಯ ವೈಶಾಖದ ಬಿಸಿಲಿನಲ್ಲಿ ಮುಚ್ಚಿಟ್ಟ ಯಂತ್ರ ಕಾದು ತಾನಾಗಿಯೇ ಮಂಕಾಗುತ್ತದೆ. ಆಗ ಗುಂಡಿ ಆರಿಸಿ ಹಾಕಿದೊಡನೆ ತುಸು ಹೊತ್ತು ಸರಿಹೋಗುತ್ತದೆ. ಮನೆಯವರು ಅದನ್ನೇ ಚಿಕಿತ್ಸೆಯೆಂದು ನಂಬುತ್ತಾರೆ. ದಿನಕ್ಕೆ ಮೂರು ಸಲ ಆರಿಸಿ ಹಾಕಬೇಕಾದರೆ ಅದು ರೋಗದ ಲಕ್ಷಣವೇ ಹೊರತು ಮದ್ದಲ್ಲ. ಕಾವನ್ನೂ ವಿದ್ಯುತ್ತಿನ ಏರಿಳಿತವನ್ನೂ ರೂಟರಿಗೆ ವಿದ್ಯುತ್ ಒದಗಿಸುವ ಅಡಾಪ್ಟರನ್ನೂ ಶಂಕಿಸಬೇಕು. ವಿದ್ಯುತ್ತು ಹೋಗಿಬಂದು ಮಾಡುವ ಊರುಗಳಲ್ಲಿ ರೂಟರಿಗೆಂದೇ ಸಿಗುವ ಚಿಕ್ಕ ಬ್ಯಾಟರಿ ಪೆಟ್ಟಿಗೆ ದೊಡ್ಡ ಪ್ಲಾನಿಗಿಂತ ಹೆಚ್ಚು ಉಪಕಾರಿ.

ಅಲೆಗಳಲ್ಲಿಯೂ ಎರಡು ಜಾತಿಗಳುಂಟು. 2.4 ಗಿಗಾಹರ್ಟ್ಸಿನ ಅಲೆ ಸುಮಾರು ಹನ್ನೆರಡೂವರೆ ಸೆಂಟಿಮೀಟರು ಉದ್ದದ್ದು. ದೂರ ಹೋಗುತ್ತದೆ, ಗೋಡೆಯನ್ನು ತಕ್ಕಮಟ್ಟಿಗೆ ದಾಟುತ್ತದೆ. ಆದರೆ ನೆರೆಮನೆಗಳ ರೂಟರು, ಬ್ಲೂಟೂತ್, ಮೈಕ್ರೊವೇವ್ ಒಲೆ ಎಲ್ಲವೂ ಅದೇ ಓಣಿಯಲ್ಲಿ ನುಗ್ಗುವುದರಿಂದ ಅಲ್ಲಿ ಸದಾ ಜಾತ್ರೆ. 5 ಗಿಗಾಹರ್ಟ್ಸಿನದು ವೇಗವಾದುದು, ಗದ್ದಲ ಕಡಿಮೆ; ಗೋಡೆಯ ಮುಂದೆ ಮಾತ್ರ ಬೇಗ ಸೋಲುತ್ತದೆ. ಒಂದೇ ಕೋಣೆಯಲ್ಲಿದ್ದರೆ ಎರಡನೆಯದನ್ನೂ, ಗೋಡೆಗಳಾಚೆಯಿದ್ದರೆ ಮೊದಲನೆಯದನ್ನೂ ಆರಿಸುವುದು ಲೇಸು. ಮೊದಲನೆಯದರಲ್ಲಿ 1, 6, 11 ಎಂಬ ಚಾನೆಲುಗಳು ಒಂದರ ಮೇಲೊಂದು ಬೀಳುವುದಿಲ್ಲ; ನೆರೆಯವರದು ಯಾವುದೆಂದು ನೋಡಿ ಬೇರೆಯದಕ್ಕೆ ಸರಿದರೆ ಅರ್ಧ ಜಗಳ ತೀರುತ್ತದೆ.

ದೋಷ ಗಣಕದ್ದೇ ಎಂದು ಪರೀಕ್ಷೆ ಹೇಳಿದರೆ, ಜನ 'ಸಿಪಿಯು' ಎಂದು ಕರೆಯುವ ಲೋಹದ ಪೆಟ್ಟಿಗೆಯ ಬೆನ್ನನ್ನು ಒಮ್ಮೆ ನೋಡಬೇಕು. ಅಲೆಗಳನ್ನು ಹಿಡಿಯುವ ಬೆರಳುದ್ದದ ಯು.ಎಸ್.ಬಿ. ಸಾಧನ ಅಲ್ಲಿ, ಮೇಜಿನ ಕೆಳಗೆ, ಗೋಡೆಗೆ ಮುಖಮಾಡಿ, ಲೋಹದ ಮರೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಒಂದು ಗಜದ ಯು.ಎಸ್.ಬಿ. ವಿಸ್ತರಣ ಕೇಬಲು ಹಾಕಿ ಅದನ್ನು ಮೇಜಿನ ಮೇಲೆ ತಂದರೆ ಎಷ್ಟೋ ಸಲ ದೂರು ಅಲ್ಲಿಗೇ ಮುಗಿಯುತ್ತದೆ. ಪೆಟ್ಟಿಗೆಯೊಳಗೇ ವೈ-ಫೈ ಕಾರ್ಡಿದ್ದರೆ ಅದರ ಎರಡು ಪುಟ್ಟ ಆಂಟೆನಾಗಳನ್ನು ತಿರುಗಿಸಿ ಬಿಗಿಯಲು ಮರೆತಿದ್ದಾರೆಯೇ ನೋಡಬೇಕು. ವಿದ್ಯುತ್ತನ್ನು ಉಳಿಸಲೆಂದು ಗಣಕವೇ ಆ ಸಾಧನವನ್ನು ಆಗಾಗ ಮಲಗಿಸುವುದುಂಟು. ಆ ಅನುಮತಿಯನ್ನು ರದ್ದುಮಾಡಬಹುದು. ಸಾಧನದ ಚಾಲಕ ತಂತ್ರಾಂಶ ಹಳೆಯದಾಗಿದ್ದರೆ ತಯಾರಕರಿಂದ ಹೊಸದನ್ನು ಪಡೆಯಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಮೂಲಪ್ರಶ್ನೆಯೊಂದು ಉಳಿಯುತ್ತದೆ. ಕೋಣೆ ಬಿಟ್ಟು ಕದಲದ ಯಂತ್ರಕ್ಕೆ ತಂತಿಯಿಲ್ಲದ ಸಂಪರ್ಕವೇ ಏಕೆ ಬೇಕು? ಕೈಯಲ್ಲಿ ಹಿಡಿದು ತಿರುಗುವ ಮೊಬೈಲಿಗೆ ಅದು ಅನಿವಾರ್ಯ. ಮೇಜಿನ ಮೇಲೆ ಸ್ಥಾವರವಾಗಿ ನಿಂತ ಗಣಕಕ್ಕೆ ಕೇವಲ ಆಡಂಬರ. 'ವೈರ್‌ಲೆಸ್' ಎಂಬುದಕ್ಕೆ ಪಂಡಿತರು 'ನಿಸ್ತಂತು' ಎಂಬ ಶಬ್ದವನ್ನು ಟಂಕಿಸಿದರು. ತಂತು ಎಂದರೆ ನೂಲೂ ಹೌದು. ಇಳಕಲ್ಲಿನ ನೇಕಾರರಿಗೆ ಈ ಶಬ್ದ ವಿಚಿತ್ರವಾಗಿ ಕೇಳಿಸೀತು. ನೂಲಿಲ್ಲದ ಮೇಲೆ ಸೀರೆ ಎಲ್ಲಿಯದು? ಅಲ್ಲಿನ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. 'ತೋಪ್ ತೆನಿ' ಎಂಬ ಕ್ರಮದಲ್ಲಿ ಕುಣಿಕೆಗೆ ಕುಣಿಕೆ ತೊಡಿಸಿ ಎರಡನ್ನೂ ಜೋಡಿಸುತ್ತಾರೆ. ಆ ಜೋಡಣೆಯನ್ನು ಎಳೆ ಎಳೆಯಾಗಿ ಕೈಯಿಂದಲೇ ಮಾಡುವ ಜನರ ನಾಡಿನಲ್ಲಿ ಗಣಕಕ್ಕೂ ರೂಟರಿಗೂ ಒಂದೇ ಒಂದು ಎಳೆಯಿಂದ ಗಂಟು ಹಾಕಲು ಹಿಂಜರಿಯುವುದು ಆಶ್ಚರ್ಯ. ಮಾರುಕಟ್ಟೆಯಲ್ಲಿ ದೊರೆಯುವ ಸಾಮಾನ್ಯ ಜಾಲದ ಕೇಬಲು ನೂರು ಮೀಟರಿನವರೆಗೆ ನಿಶ್ಚಿಂತೆಯಿಂದ ಕೆಲಸ ಮಾಡುತ್ತದೆ. ಮನೆಗೆ ಅದರ ಕಾಲುಭಾಗವೂ ಬೇಡ. ಗೋಡೆ, ಕನ್ನಡಿ, ನೆರೆಯವರ ಗದ್ದಲ ಯಾವುದೂ ಅದನ್ನು ಮುಟ್ಟದು. ತೊಲೆಯ ಅಂಚಿನಲ್ಲಿ ಮೊಳೆ ಹೊಡೆದು ಒಯ್ದರೆ ಮನೆಯ ಅಂದಕ್ಕೂ ಕುಂದಿಲ್ಲ.

ಹೀಗೆ ತಪ್ಪನ್ನೆಲ್ಲ ಮನೆಯವರ ಮೇಲೆ ಹೊರಿಸಿದರೆ ಕಂಪನಿಗಳು ಪಾರಾಗುವುದಿಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿದೆ. ರಸ್ತೆ ಅಗೆಯುವಾಗ ಬೆಳಕಿನೆಳೆಯ ತಂತಿ ತುಂಡಾಗುವುದು, ಸಂಜೆಯ ಹೊತ್ತಿಗೆ ಓಣಿಯೆಲ್ಲ ಒಟ್ಟಿಗೆ ತೊಡಗಿದಾಗ ಎಲ್ಲರಿಗೂ ನಿಧಾನವಾಗುವುದು ಮನೆಯವರ ಕೈಮೀರಿದ ಸಂಗತಿಗಳು. ಭಾರತದಲ್ಲಿ ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಇರಬೇಕಾದ ಕನಿಷ್ಠ ವೇಗವನ್ನು 2004ರ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಎಂದಿಟ್ಟಿದ್ದರು. 2023ರಲ್ಲಿ ಅದನ್ನು 2 ಮೆಗಾಬಿಟ್ಟಿಗೆ ಏರಿಸಿದರು. ಪಾಠದ ದೃಶ್ಯ, ತಂದೆಯ ಕಚೇರಿಯ ಸಭೆ, ವಿದೇಶದ ಮಗನೊಡನೆ ಅಜ್ಜಿಯ ಮಾತು ಏಕಕಾಲಕ್ಕೆ ನಡೆಯುವ ಮನೆಗೆ ಈ ಕನಿಷ್ಠ ಏನೇನೂ ಸಾಲದು. ಆದರೆ 'ನೆಟ್ ಸರಿಯಿಲ್ಲ' ಎಂಬ ದೂರಿಗೆ 'ಆರಿಸಿ ಹಾಕಿ ನೋಡಿ' ಎಂಬ ಉತ್ತರ ಸುಲಭ. ಕೇಬಲು ಜೋಡಿಸಿ, ಬೆಳಿಗ್ಗೆ ಏಳಕ್ಕೂ ರಾತ್ರಿ ಒಂಬತ್ತಕ್ಕೂ ಒಂದು ವಾರ ಅಳೆದ ಲೆಕ್ಕ ಇಲ್ಲಿದೆ ಎಂದವರಿಗೆ ಹಾಗೆ ಉತ್ತರಿಸುವುದು ಕಷ್ಟ. ಬೆಳಕಿನೆಳೆಯ ಪೆಟ್ಟಿಗೆಯಲ್ಲಿ 'ಎಲ್‌ಓಎಸ್' ಎಂಬ ಕೆಂಪು ದೀಪ ಹೊತ್ತಿದ್ದರಂತೂ ಹೊರಗಿನಿಂದ ಬೆಳಕೇ ಬರುತ್ತಿಲ್ಲವೆಂದು ಅರ್ಥ. ಮನೆಯೊಳಗೆ ಹುಡುಕುವ ಶ್ರಮ ವ್ಯರ್ಥ, ಒಡನೆಯೇ ದೂರು ಕೊಡತಕ್ಕದ್ದು.

ಶಾಲೆಗಳ ಗಣಕಕೋಣೆಗಳಿಗೂ ಇದೆಲ್ಲ ಅನ್ವಯಿಸುತ್ತದೆ. ಅಲ್ಲಿ ಇಪ್ಪತ್ತು ಯಂತ್ರಗಳು ಒಂದೇ ರೂಟರಿನ ಅಲೆಗಾಗಿ ಸರದಿ ಕಾಯುವುದರಿಂದ ಇನ್ನೂ ಹೆಚ್ಚಾಗಿ. ಅನ್ವಯ-ವ್ಯತಿರೇಕಗಳನ್ನು ಒಂಬತ್ತನೆಯ ತರಗತಿಯ ಮಕ್ಕಳಿಗೆ ಕಲಿಸಲು ವಿಜ್ಞಾನದ ಶಿಕ್ಷಕರಿಗೆ ಇದಕ್ಕಿಂತ ಅಗ್ಗದ ಪ್ರಯೋಗ ಸಿಗದು: ಮೂರು ಕಡೆ ಅಳತೆ, ಒಂದು ಹಾಳೆ, ಒಂದು ತೀರ್ಮಾನ. ಗಣಕಯಂತ್ರಗಳನ್ನು ದಾನಮಾಡುವ ಉದಾರಿಗಳು ಅವುಗಳೊಡನೆ ಕೇಬಲನ್ನೂ, ಅದನ್ನು ಹಂಚುವ ಸ್ವಿಚ್ ಪೆಟ್ಟಿಗೆಯನ್ನೂ, ಒಂದು ದಿನದ ಕೆಲಸಗಾರರ ಕೂಲಿಯನ್ನೂ ಕೊಟ್ಟರೆ ದಾನ ಪೂರ್ಣವಾಗುತ್ತದೆ. ಅವರ ಹೆಸರಿನ ಫಲಕವನ್ನು ಗೋಡೆಗೆ ಕೂಡಿಸುವುದು ಯುಕ್ತವೇ. ಅದು ಇಳಕಲ್ಲಿನ ಕೆಂಪುಕಲ್ಲಿನದಾದರೆ ರೂಟರನ್ನು ಅದರ ಹಿಂದೆ ಇಡಬಾರದು, ಅಷ್ಟೆ.